ಕರಡಿ ಅಂಟಿಸಿಕೊಂಡವರು

"ನಿಮ್ಮ ಅಳಿಯಂದಿರು ಬೆಂಗಳೂರಲ್ಲಿ ಮಾಡೋದು ಎಂಥ ಕೆಲಸ ಮಾರಾಯ್ರೆ?" ಬೇಲಿಯಾಚೆ ನುಗ್ಗೆಸೊಪ್ಪು ಬಿಡಿಸುತ್ತಿದ್ದ ಮೇಷ್ಟ್ರು ಕೇಳಿದರು.

"ಮೇನ್‌ಫ್ರೇಮ್ ಸಿಸ್ಟಮ್ಸ್ ಪ್ರೋಗ್ರಾಮರ್."

"ಅದಿನ್ನೂ ಗುಜರಿಗೆ ಹೋಗಿಲ್ವಾ?"

ಎಲ್ಲಿ ಹೋಗುತ್ತೆ! ಐಬಿಎಂನವರು 1964ರಲ್ಲಿ ಸಿಸ್ಟಮ್/360 ಅಂತ ಮೇನ್‌ಫ್ರೇಮ್ ಕಂಪ್ಯೂಟರುಗಳನ್ನು ತಂದರಲ್ಲ, ಅದರ ವಂಶದ ಯಂತ್ರಗಳೇ ಇವತ್ತಿಗೂ ಎಷ್ಟೋ ದೊಡ್ಡ ಬ್ಯಾಂಕುಗಳ ಲೆಕ್ಕ ನೋಡಿಕೊಳ್ಳುತ್ತಿವೆ. ಅವು ನಿಲ್ಲದ ಹಾಗೆ ಕಾಯುವುದು ಅಳಿಯಂದಿರ ಕೆಲಸ. ನೆಟ್ಟಗೆ ನಡೆದರೆ ಯಾರೂ ಕೇಳೋಲ್ಲ, ನಡುರಾತ್ರಿ ನಿಂತರೆ ಫೋನ್ ಬರುತ್ತೆ.

ಇಂಥವರೆಲ್ಲ ಅಮೆರಿಕದಲ್ಲಿ ವರ್ಷಕ್ಕೊಮ್ಮೆ ಸೇರುವ ಕೂಟವೊಂದಿದೆ, ವಿಎಂ ವರ್ಕ್‌ಶಾಪ್ ಅಂತ. ವಿಎಂ ಅನ್ನುವುದು ಆ ಯಂತ್ರಗಳನ್ನು ನಡೆಸುವ ಒಂದು ತಂತ್ರಾಂಶ. ಯಾವುದಾದರೂ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುವುದೇ ಹೆಚ್ಚು. ನಡೆಸುವವರು ಸ್ವಯಂಸೇವಕರು.

"ಸಂಬಳ?"

"ಇಲ್ಲ."

"ಮತ್ತೆ ಊಟ?"

ಮೇಷ್ಟ್ರ ಪ್ರಶ್ನೆ ಯಾವತ್ತೂ ಅಲ್ಲಿಗೇ ಬಂದು ನಿಲ್ಲುತ್ತೆ. ಊಟದ ಸಂಗತಿ ನನಗೆ ಗೊತ್ತಿರಲಿಲ್ಲ, ಕರಡಿಯದ್ದು ಹೇಳಿದೆ. ಐಬಿಎಂ ಬಳಕೆದಾರರದ್ದು ಶೇರ್ ಅಂತ ಹಳೇ ಸಂಘ. ಹುಟ್ಟಿದ್ದು 1955ರಲ್ಲಿ, ಲಾಸ್ ಏಂಜಲಿಸ್ ಕಡೆ. ಮುಂದಾಳತ್ವ ವಹಿಸಿದವರಲ್ಲಿ ವಿಮಾನ ತಯಾರಿಸುವ ಕಂಪನಿಗಳವರೇ ಹೆಚ್ಚು. ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಆಗದವರು, ಒಂದೇ ಪ್ರೋಗ್ರಾಂ ಎಲ್ಲರೂ ಬೇರೆಬೇರೆ ಬರೆಯುವುದು ದಂಡ ಅಂತ ಕೂತು ಹಂಚಿಕೊಂಡರು. ಆ ಸಂಘದ ವಿಎಂ ಗುಂಪು 1983ರಲ್ಲಿ ಟೆಡ್ಡಿ ಕರಡಿಯನ್ನು ಲಾಂಛನ ಮಾಡಿಕೊಂಡಿತು. ಹೊಸಬರೊಂದಿಗೆ ಸಲೀಸಾಗಿ ಬೆರೆಯುವ ಹಳಬರ ಎದೆಗೆ ಕರಡಿಯ ಸ್ಟಿಕ್ಕರ್. ಹೊಸ ಹುಡುಗ ಯಾರನ್ನು ಕೇಳಲಿ ಅಂತ ಕಕ್ಕಾಬಿಕ್ಕಿಯಾಗಿ ನಿಲ್ಲಬೇಕಿಲ್ಲ, ಕರಡಿ ಕಂಡಲ್ಲಿ ಹೋಗಿ ಕೇಳಿದರಾಯ್ತು.

"ಹಂಗಾದ್ರೆ ಕರಡಿ ಇಲ್ದಿದ್ದೋರು?"

"ಸಿಡುಕರು ಅಂತ ಲೆಕ್ಕ."

ಮೇಷ್ಟ್ರು ನಕ್ಕು, "ನಮ್ಮ ಸ್ಟಾಫ್ ರೂಮಲ್ಲಿ ಒಂದು ಸ್ಟಿಕ್ಕರೂ ಖರ್ಚಾಗ್ತಿರಲಿಲ್ಲ ಬಿಡಿ" ಅಂದರು.

ನನಗೇನೋ ಆ ಸ್ಟಿಕ್ಕರು ಯಂತ್ರಕ್ಕಿಂತ ದೊಡ್ಡದು ಅನ್ನಿಸುತ್ತೆ. ಈ ವಿದ್ಯೆ ಪುಸ್ತಕ ಓದಿದ ಮಾತ್ರಕ್ಕೆ ಕೈಗೆ ಹತ್ತುವಂಥದ್ದಲ್ಲ, ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕು. ಬೆಂಗಳೂರಲ್ಲಿ ಆ ಕೆಲಸ ಮಾಡಿ ನಿವೃತ್ತರಾಗಿ ಶಿವಮೊಗ್ಗ, ಭದ್ರಾವತಿ ಕಡೆ ಬಂದು ಅಡಿಕೆ ತೋಟ ನೋಡಿಕೊಳ್ಳುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ವರ್ಷಕ್ಕೊಂದು ದಿನ ಬಿಡುವು ಮಾಡಿಕೊಳ್ಳಿ. ಈಗ ಶಿವಮೊಗ್ಗದ ಸೋಗಾನೆಗೇ ವಿಮಾನ ಇಳಿಯುತ್ತೆ, ಹುಡುಗರು ಬಂದಾರು. ಊಟದ ಹೊಣೆ ಮೇಷ್ಟ್ರು ಒಪ್ಪಿಕೊಂಡಿದ್ದಾರೆ.