ಬಿಚ್ಚಿಟ್ಟ ಯೆಜ್ಡಿಯ ಯಜಮಾನರು

ಕೊಬ್ಬರಿ ಸೀಮೆಯಲ್ಲಿ ಯೆಜ್ಡಿ ಇಟ್ಟುಕೊಂಡ ಯಜಮಾನರನ್ನು ಗುರುತಿಸುವುದಕ್ಕೆ ಅವರ ಯೆಜ್ಡಿಯನ್ನು ನೋಡಬೇಕಾಗಿಲ್ಲ. ನೋಡಲು ಸಿಗುವುದೂ ಕಷ್ಟ; ಅದು ಸಾಮಾನ್ಯವಾಗಿ ಮೂರು ಕಡೆ ಹಂಚಿಹೋಗಿರುತ್ತದೆ. ಚಾಸಿ ಕೊಟ್ಟಿಗೆಯಲ್ಲಿ, ಕಾರ್ಬುರೇಟರ್ ಪೆಟ್ರೋಲ್ ಸುರಿದ ತಟ್ಟೆಯಲ್ಲಿ, ಸಿಲಿಂಡರ್ ಬ್ಲಾಕು ಬೋರಿಂಗಿಗೆಂದು ತುಮಕೂರಿನ ಲೇತಿನಲ್ಲಿ. ಆದರೆ ಯಜಮಾನರು ಮಾತ್ರ ಇಡಿಯಾಗಿ ಸಿಗುತ್ತಾರೆ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಮಸಿ, ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಒಂದು ಹಳೇ ಪ್ಲಗ್ಗು, ಮದುವೆಮನೆಯ ಪಂಕ್ತಿಯಲ್ಲಿ ಪಾಯಸಕ್ಕೆ ಕಾದು ಕೂತಾಗಲೂ ರಸ್ತೆ ಕಡೆಗೊಂದು ಕಿವಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರೂ ತಾಲ್ಲೂಕಿನವರಿಗೆ ಈ ಆಸಾಮಿಯ ಪರಿಚಯ ಉಂಟು. ಊರಿನ ತೀರ್ಮಾನವೂ ಆಗಿಹೋಗಿದೆ: ಮಾಡಲು ಕೆಲಸವಿಲ್ಲ, ಇಟ್ಟುಕೊಳ್ಳಲು ಬುದ್ಧಿಯಿಲ್ಲ, ತೋಟದ ದುಡ್ಡನ್ನೆಲ್ಲ ಒಂದು ಗುಜರಿಗೆ ಸುರೀತಾನೆ. ಈ ತೀರ್ಮಾನದ ಮೇಲೆ ಅಪೀಲು ಹಾಕುವುದು ನನ್ನ ಉದ್ದೇಶ. ಆತ ಗಾಡಿ ಇಟ್ಟುಕೊಂಡಿರುವುದು ಬಿಚ್ಚುವುದಕ್ಕೆ. ಓಡುವುದು ಅದರ ಅಡ್ಡಪರಿಣಾಮ. ಬಿಚ್ಚುವುದಕ್ಕೆಂದೇ ಒಂದು ಯಂತ್ರ ಇಟ್ಟುಕೊಳ್ಳುವಷ್ಟು ಪುರುಸೊತ್ತನ್ನೂ ಕೆಚ್ಚನ್ನೂ ಆತನಿಗೆ ಕೊಟ್ಟಿರುವುದು ತೆಂಗಿನ ಮರ.

ಮೊದಲು ಯಂತ್ರದ ಸಾಕ್ಷ್ಯ ತೆಗೆದುಕೊಳ್ಳೋಣ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಅಂತ ನಾಮಕರಣವಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದಮೇಲೆ ಇವತ್ತು ನಮ್ಮ ಕೊಟ್ಟಿಗೆಗಳಲ್ಲಿರುವ ಹಳೇ ಯೆಜ್ಡಿಗಳಲ್ಲಿ ಅತಿ ಎಳೆಯದಕ್ಕೂ ಮೂವತ್ತರ ಆಸುಪಾಸು. ಅದರ ಎಡಗಡೆ ಇರುವುದು ಒಂದೇ ಲಿವರು: ಎತ್ತಿ ನಿಲ್ಲಿಸಿದರೆ ಕಿಕ್ಕರ್, ಮುಂದಕ್ಕೆ ಮಲಗಿಸಿದರೆ ಗೇರು. ಗೇರು ಒತ್ತಿದರೆ ಕ್ಲಚ್ಚು ತಾನೇ ಬಿಡಿಸಿಕೊಳ್ಳುತ್ತದೆ, ಕೈಗೆ ಕೆಲಸವಿಲ್ಲ. ಸಿಲಿಂಡರು ಒಂದು, ಸೈಲೆನ್ಸರು ಎರಡು. ಟೂ ಸ್ಟ್ರೋಕ್ ಇಂಜಿನ್ನಾದ್ದರಿಂದ ವಾಲ್ವಿಲ್ಲ, ಟ್ಯಾಪೆಟ್ಟಿಲ್ಲ, ಕ್ಯಾಮ್ ಇಲ್ಲ. ನಾಲ್ಕು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು, ಒಂದು ಗೋಣಿಚೀಲ ಇದ್ದರೆ ಹೆಡ್ಡು ಇಳಿಸಿ ಪಿಸ್ಟನ್ ಹೊರಗೆ ತೆಗೆದು ಮಧ್ಯಾಹ್ನದ ಊಟಕ್ಕೆ ಏಳಬಹುದು. ಇದಕ್ಕೆ ಎದುರಾಗಿ 2020ರ ಏಪ್ರಿಲ್‌ನಿಂದೀಚಿನ ಬಿಎಸ್ 6 ಗಾಡಿಯೊಂದನ್ನು ನಿಲ್ಲಿಸಿ ನೋಡಿ. ಕೆಟ್ಟರೆ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದೆ, ಷೋರೂಮಿನ ಹುಡುಗ ವೈರು ಚುಚ್ಚಿ ಕಂಪ್ಯೂಟರ್ ನೋಡಿ ‘ಸೆನ್ಸರ್ ಹೋಗಿದೆ ಸಾರ್’ ಅನ್ನುತ್ತಾನೆ. ಆ ಸೆನ್ಸರನ್ನು ಬಿಚ್ಚಿ ಒರೆಸಿ ಬಿಸಿಲಿಗಿಟ್ಟು ಮತ್ತೆ ಹಾಕುವ ಸುಖ ಮಾಲೀಕನಿಗಿಲ್ಲ. ಅವನು ಗಾಡಿಯ ಸಾಲಕ್ಕೆ ಮಾತ್ರ ಯಜಮಾನ.

ಕೆಟ್ಟ ಯೆಜ್ಡಿಯ ವಿಚಾರಣೆ ನಡೆಯುವ ಕ್ರಮವೇ ಬೇರೆ. ಯಜಮಾನರು ಪೆಟ್ರೋಲ್ ಕಾಕ್ ತಿರುಗಿಸಿ, ಕಾರ್ಬುರೇಟರ್ ಮೇಲಿನ ಪುಟ್ಟ ಗುಂಡಿಯನ್ನು ಪೆಟ್ರೋಲ್ ಜಿನುಗುವ ತನಕ ಒತ್ತಿ, ಪಂಚೆ ಮೇಲಕ್ಕೆ ಕಟ್ಟಿ ಕಿಕ್ ಹೊಡೆಯುತ್ತಾರೆ. ಐದಾರು ಕಿಕ್ಕಿನಲ್ಲಿ ಹತ್ತದಿದ್ದರೆ ಬೀದಿ ಬಂದು ಸೇರುತ್ತದೆ, ಸೇರಿದ್ದೇ ಎರಡು ಪಕ್ಷ ಆಗುತ್ತದೆ. ‘ಕರೆಂಟ್ ಬರ್ತಿಲ್ಲ ಕಣಣ್ಣ’ ಅನ್ನುವುದು ಒಂದು ಪಕ್ಷ. ‘ಕರೆಂಟಿಗೇನಾಗಿದೆ, ಪೆಟ್ರೋಲ್ ಇಳೀತಿಲ್ಲ, ಜೆಟ್ ಕಟ್ಟಿಕೊಂಡಿದೆ’ ಅನ್ನುವುದು ಇನ್ನೊಂದು. ಜಗಲಿ ಮೇಲಿನ ಮುದುಕರೊಬ್ಬರು ‘ಕಂಪ್ರೆಷನ್ನೇ ಇಲ್ಲ, ರಿಂಗ್ ಹೋಗವೆ’ ಅಂತ ಮೂರನೇ ರಂಗ ಕಟ್ಟುತ್ತಾರೆ. ಅವರಿಗೆ ಬಹುಮತ ಯಾವತ್ತೂ ಸಿಕ್ಕಿಲ್ಲ, ಅವರು ಹೇಳಿದ್ದು ಸುಳ್ಳಾಗಿದ್ದೂ ಕಡಿಮೆ. ನಗುವ ಮುಂಚೆ ಗಮನಿಸಿ: ಯಾವ ಪೆಟ್ರೋಲ್ ಇಂಜಿನ್ನಿಗೂ ಬೇಕಾದದ್ದು ಈ ಮೂರೇ, ಕಿಡಿ, ಇಂಧನ, ಒತ್ತಡ. ಪಠ್ಯಪುಸ್ತಕ ಮೂರು ಅಧ್ಯಾಯದಲ್ಲಿ ಹೇಳುವುದನ್ನು ಬೀದಿ ಮೂರು ಪಕ್ಷವಾಗಿ ಒಡೆದು ಹೇಳುತ್ತಿದೆ, ಅಷ್ಟೆ. ಯಜಮಾನರು ಯಾರಿಗೂ ಉತ್ತರ ಕೊಡದೆ ಪ್ಲಗ್ ಬಿಚ್ಚುತ್ತಾರೆ. ತುದಿ ಒದ್ದೆಯಾಗಿ ಕಪ್ಪಾಗಿದ್ದರೆ ಪೆಟ್ರೋಲ್ ಪಕ್ಷ ಸೋತಿತು. ಒಣಗಿ ಬಿಳಿಚಿಕೊಂಡಿದ್ದರೆ ಇಂಧನ ಸಾಲದು, ಇಂಜಿನ್ ಕಾದು ಜಾಮ್ ಹೊಡೆಯುವ ದಿನ ದೂರವಿಲ್ಲ. ಹುರಿದ ಕಾಫಿಪುಡಿಯ ಬಣ್ಣ ಬಂದಿದ್ದರೆ ಎಲ್ಲವೂ ಸರಿ. ಎಲ್ಲವೂ ಸರಿಯಿದ್ದೂ ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಅನ್ನುವುದು ಸಾಯಂಕಾಲದವರೆಗೆ ಸಾಕಾಗುವ ವಿಷಯ. ಆಮೇಲೆ ಪಾಯಿಂಟಿನ ಸರದಿ. ಅದರ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಅಳೆಯಲು ಫೀಲರ್ ಗೇಜ್ ಅಂತ ಒಂದು ಸಾಧನವಿದೆ, ಆದರೆ ಅದು ಬೇಕಾದಾಗ ಸಿಗುವುದಿಲ್ಲ. ಲಗ್ನಪತ್ರಿಕೆ ಯಾವಾಗಲೂ ಸಿಗುತ್ತದೆ. ದಪ್ಪ ಕಾಗದದ, ಅನುಕೂಲಸ್ಥರ ಮನೆಯ ಪತ್ರಿಕೆಯಾದರೆ ಟೈಮಿಂಗ್ ಚೆನ್ನಾಗಿ ಕೂರುತ್ತದೆ ಎಂಬ ನಂಬಿಕೆಯುಂಟು.

ದಸರೀಘಟ್ಟದ ಚೌಡೇಶ್ವರಿ ಸನ್ನಿಧಿಗೆ ಪ್ರಶ್ನೆ ಹೊತ್ತು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಮ್ಮನವರು ಬರೆದು ಉತ್ತರ ಕೊಡುತ್ತಾರೆ. ಪಕ್ಕದೂರಿನ ಯೆಜ್ಡಿ ಯಜಮಾನರು ಗಾಡಿ ಬಗ್ಗೆ ಅಲ್ಲಿ ಕೇಳಿದ್ದನ್ನು ಯಾರೂ ಕಂಡಿಲ್ಲ. ಉತ್ತರ ಬಂದುಬಿಟ್ಟರೆ ಏನು ಗತಿ?

ಈಗ ತೆಂಗಿನ ಮರದ ಪಾತ್ರ. ಈ ಸೀಮೆ ಕೊಬ್ಬರಿ ಮಾಡುವ ರೀತಿ ಬೇರೆ ಕಡೆಯಂತಲ್ಲ. ಕೇರಳದಲ್ಲಿ ಕಾಯಿ ಒಡೆದು ಹೋಳು ಬಿಸಿಲಿಗಿಟ್ಟು ಕೆಲವೇ ದಿನದಲ್ಲಿ ಎಣ್ಣೆಗೆ ಕಳಿಸುತ್ತಾರೆ. ನಮ್ಮದು ಉಂಡೆ ಕೊಬ್ಬರಿ. ಮಟ್ಟೆ ಸಮೇತ ಕಾಯಿಯನ್ನು ಅಟ್ಟಕ್ಕೇರಿಸಿದರೆ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದು. ಒಳಗಿನ ನೀರು ತಾನೇ ಇಂಗಬೇಕು, ಕೊಬ್ಬರಿ ಚಿಪ್ಪಿನಿಂದ ತಾನೇ ಬಿಡಬೇಕು. ಅವಸರ ಮಾಡಿ ಒಡೆದರೆ ಉಂಡೆ ಸಿಗುವುದಿಲ್ಲ, ಬೆಲೆಯೂ ಸಿಗುವುದಿಲ್ಲ. ರೈತ ಮಾಡುವುದೇನಿದ್ದರೂ ಆಗಾಗ ಅಟ್ಟ ಹತ್ತಿ ಒಂದು ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗುಂಡು ಕಳಚಿಕೊಂಡ ಸದ್ದು ಬಂತೇ ಅಂತ ಕೇಳುವುದು. ಇನ್ನೂ ಇಲ್ಲ ಅಂತ ತಿಳಿದರೆ ಇಳಿದು ಬರುವುದು. ಮುಚ್ಚಿದ ವಸ್ತುವಿನ ಒಳಗೆ ಏನಾಗುತ್ತಿದೆ ಅನ್ನುವುದನ್ನು ಸದ್ದಿನಿಂದ ತಿಳಿಯುವ ಈ ಕಿವಿಯೇ ಕೊಟ್ಟಿಗೆಯಲ್ಲಿ ಇಂಜಿನ್ನಿನ ಪಕ್ಕ ಬಗ್ಗಿ ಬಿಗ್ ಎಂಡ್ ಬೇರಿಂಗ್ ಸವೆದಿದೆಯೇ, ಪಿಸ್ಟನ್ ಸಡಿಲವಾಗಿದೆಯೇ ಅಂತ ಹೇಳುತ್ತದೆ. ಜೊತೆಗೆ ಅಟ್ಟದ ಮೇಲೆ ಫಸಲು ಮಾಗುತ್ತಿರುವ ಅಷ್ಟೂ ತಿಂಗಳು ಕೆಳಗಿರುವ ಮನುಷ್ಯನಿಗೆ, ತ್ರೀ ಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ಹಾಕುವ ಡ್ಯೂಟಿ ಬಿಟ್ಟರೆ, ಏನಾದರೂ ಬೇಕಲ್ಲ! ಕೆಲವರು ರಾಜಕೀಯ ಹಿಡಿದರು, ಕೆಲವರು ಇಸ್ಪೀಟು ಹಿಡಿದರು. ಈತ ಸ್ಪ್ಯಾನರ್ ಹಿಡಿದ. ಮೂರನ್ನೂ ತೂಗಿ ನೋಡಿದರೆ ಊರಿಗೆ ಅತಿ ಕಡಿಮೆ ನಷ್ಟ ಆಗಿರುವುದು ಯಾರಿಂದ ಎಂಬುದನ್ನು ಓದುಗರೇ ಹೇಳಲಿ. ತೋಟದಲ್ಲಿ ಕೆಲಸ ಹೆಚ್ಚಿದೆ, ನುಸಿ, ಕಾಂಡ ಸೋರುವ ರೋಗ, ಕೂಲಿಯಾಳಿನ ಅಭಾವ ಎಲ್ಲ ಸೇರಿ ತೆಂಗು ಈಗ ಆರಾಮದ ಬೆಳೆಯಾಗಿ ಉಳಿದಿಲ್ಲ ಅನ್ನುವ ಮಾತು ನಿಜವೇ. ಅದಕ್ಕೇ ಯೆಜ್ಡಿ ಜೋಡಣೆ ಮೊದಲಿಗಿಂತ ನಿಧಾನವಾಗಿದೆ.

ದುಡ್ಡಿನ ಆಕ್ಷೇಪಣೆ ಗಟ್ಟಿಯಾದದ್ದು. ರಿಂಗಿಗೆ ಇಷ್ಟು, ಬೋರಿಂಗಿಗೆ ಇಷ್ಟು, ಓವರ್‌ಸೈಜ್ ಪಿಸ್ಟನ್ನಿಗೆ ಇಷ್ಟು ಅಂತ ಬರೆದಿಟ್ಟರೆ ಯಜಮಾನರ ಮನೆಯವರು ಪುಸ್ತಕವನ್ನು ಸಾಕ್ಷಿಗೆ ತರಬಹುದು. ಆದರೆ ಯಾವ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು? 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಾಲಿಗೆ 8,000 ರೂಪಾಯಿಗಿಂತ ಕೆಳಗೆ ಬಿತ್ತು. ಆ ಸಾಲಿನ ಬೆಂಬಲ ಬೆಲೆ 11,750. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿ ಮೇಲಕ್ಕೆ ಹೋಯಿತು, ಆಗ ನೋಡಿದರೆ ಬಹಳ ಜನರ ಅಟ್ಟದಲ್ಲಿ ಕಾಯಿಯೇ ಇರಲಿಲ್ಲ. ಮಾರಬಾರದಾಗ ಮಾರಿ ಕಳೆದುಕೊಂಡದ್ದು ವ್ಯವಹಾರ, ಸಾವಿರ ಅಡಿ ಕೊರೆಸಿ ಧೂಳು ನೋಡಿದ್ದು ದೈವೇಚ್ಛೆ, ಕಾರ್ಬುರೇಟರ್ ತಂದದ್ದು ಮಾತ್ರ ದುಂದುವೆಚ್ಚ! ಒಣಗಿದ ಬೋರ್‌ವೆಲ್ಲನ್ನು ಯಾರೂ ಗೋಣಿಚೀಲದ ಮೇಲೆ ಹರಡಿಕೊಂಡು ಮತ್ತೊಮ್ಮೆ ಪ್ರಯತ್ನಿಸಲಾರರು. ಯೆಜ್ಡಿಯಲ್ಲಿ ಕಳೆದ ದುಡ್ಡು ಕಣ್ಣೆದುರಿಗಿರುತ್ತದೆ, ತೊಳೆದರೆ ಹೊಳೆಯುತ್ತದೆ ಕೂಡ.

ಇನ್ನೊಂದು ಆಕ್ಷೇಪಣೆ ತಿಳಿದವರದು: ಈ ಹುಚ್ಚು ಕೊಬ್ಬರಿ ಸೀಮೆಯದೊಂದೇ ಅಲ್ಲ, ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ದಿನಕ್ಕೆ ಸಾಲುಗಟ್ಟಿ ಬರುತ್ತಾರಲ್ಲ, ಅವರೆಲ್ಲ ಎಷ್ಟು ತೆಂಗಿನ ಮರ ಇಟ್ಟಿದ್ದಾರೆ? ಒಪ್ಪೋಣ. ಆದರೆ ಅವರು ಯೆಜ್ಡಿಯನ್ನು ಮೆರೆಸುವವರು. ಟ್ಯಾಂಕಿಗೆ ಕ್ರೋಮ್, ಸೀಟಿಗೆ ಹೊಸ ರೆಕ್ಸಿನ್, ಕೆಲಸಕ್ಕೆ ಗೊತ್ತಾದ ಮೆಕ್ಯಾನಿಕ್ಕು. ನಮ್ಮವರ ಗಾಡಿಗೆ ಬಣ್ಣ ಬಿದ್ದು ತಲೆಮಾರಾಗಿದೆ, ಮೆಕ್ಯಾನಿಕ್ಕನ್ನು ಕರೆಯುವುದು ಮಾನಭಂಗ. ಹೆಚ್ಚೆಂದರೆ ಕೆ.ಬಿ. ಕ್ರಾಸಿನ ತನಕ ಓಡಿಸಿ, ಬೋಂಡ ತಿಂದು, ವಾಪಸು ಬರುವಷ್ಟರಲ್ಲಿ ಹೊಸದೊಂದು ಸದ್ದು ಹುಡುಕಿಕೊಂಡು ಬರುತ್ತಾರೆ. ಇವರ ನಿಜವಾದ ದಾಯಾದಿ ಬೆಂಗಳೂರಿನಲ್ಲಿಲ್ಲ, ಅಮೆರಿಕದ ಸರೋವರದ ದಡದಲ್ಲಿದ್ದಾನೆ. ಆತನದು ಮೋಟರ್ ದೋಣಿ. ಚಳಿಗಾಲ ಪೂರ್ತಿ ಅದಕ್ಕೆ ಹೊದಿಕೆ. ಬಿಚ್ಚಿದ ಮೇಲೆ ನೀರು ಸೇರಿದ ಪೆಟ್ರೋಲ್ ಚೆಲ್ಲಿ, ಬ್ಯಾಟರಿ ಬದಲಾಯಿಸಿ, ಪಂಪಿನ ರಬ್ಬರ್ ಚಕ್ರ ಹೊಸದು ಹಾಕಿ, ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಹಿಮ. ನಮ್ಮಲ್ಲೂ ಮಲ್ಲಾಘಟ್ಟ ಕೆರೆಯಿದೆ, ಬೋರನಕಣಿವೆ ಜಲಾಶಯವಿದೆ. ಆದರೆ ಹೇಮಾವತಿ ನೀರು ಯಾವಾಗ ಬಿಡುತ್ತಾರೆ, ಮಳೆ ಯಾವಾಗ ಕೈಕೊಡುತ್ತದೆ ಅನ್ನುವುದನ್ನು ನಂಬಿ ದೋಣಿ ಕೊಳ್ಳುವಷ್ಟು ದಡ್ಡರಲ್ಲ ನಮ್ಮ ಜನ. ಕೆಡುವುದು ಖಾತ್ರಿಯಿರುವ, ನೀರಿನ ಹಂಗಿಲ್ಲದ ಗಾಡಿಯನ್ನೇ ಕೊಂಡರು. 2022ರಲ್ಲಿ ಬೇರೆ ಕಂಪನಿಯವರು ಯೆಜ್ಡಿ ಹೆಸರಿನಲ್ಲೇ ಹೊಸ ಗಾಡಿ ಬಿಟ್ಟಾಗ ಮಕ್ಕಳು ‘ಇದನ್ನೇ ತಗೊಳ್ಳಿ ಅಪ್ಪ’ ಅಂದರು. ಅಪ್ಪಂದಿರು ನೋಡಿದರು, ಬಟನ್ ಒತ್ತಿದರು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಲ್ಲಿಗೆ ಮಾತು ಮುಗಿಯಿತು.

ಮನೆಯಲ್ಲಿ ಹೆಂಗಸರು ಪಡುವ ಪಾಡಿನ ಬಗ್ಗೆ ಮಾತ್ರ ನನ್ನ ಹತ್ತಿರ ಪೂರಾ ಉತ್ತರವಿಲ್ಲ. ಕಾಫಿ ಲೋಟದಲ್ಲಿ ನಟ್ಟು, ದೋಸೆ ಹಂಚಿನ ಮೇಲೆ ಬೇರಿಂಗ್ ಬಿಸಿಮಾಡಿದ ಕುರುಹು, ‘ರೀ, ಇದನ್ನಾದ್ರೂ ಎತ್ತಿಡ್ರೀ’ ಎಂಬ ಮಾತಿಗೆ ‘ಅದರ ಮೇಲೆ ಕಾಲಿಡಬೇಡ, ಲಾಕ್ ಸ್ಪ್ರಿಂಗ್ ಬಿದ್ದಿದೆ’ ಎಂಬ ಮಾರುತ್ತರ, ಇವಕ್ಕೆ ಸಮಜಾಯಿಷಿ ಕೊಡಲು ಹೋಗುವುದಿಲ್ಲ. ಆದರೆ ‘ಊರಿಗೇನು ಉಪಯೋಗ’ ಎಂಬ ಮಾತಿಗೆ ಉತ್ತರ ಇದೆ. ಈಗ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಹುಲ್ಲು ಕತ್ತರಿಸುವ ಯಂತ್ರ ಬಂದಿದೆ, ಪೆಟ್ರೋಲಿನ ಔಷಧಿ ಸ್ಪ್ರೇಯರ್ ಬಂದಿದೆ. ಇವುಗಳಲ್ಲಿ ಬಹಳಷ್ಟು ಟೂ ಸ್ಟ್ರೋಕು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು ಅನ್ನುವುದನ್ನೇ ಮರೆತು ಓಡಿಸಿ ಜಾಮ್ ಮಾಡಿಕೊಂಡ ಎಳೆಯರು, ಯಂತ್ರ ಹೊತ್ತುಕೊಂಡು ಬರುವುದು ಯಾರ ಕೊಟ್ಟಿಗೆಗೆ? ಲೀಟರಿಗೆ 40 ಮಿಲಿಲೀಟರಿನ ಪಾಠವನ್ನು ಯಜಮಾನರು ಕಾಸು ತೆಗೆದುಕೊಳ್ಳದೆ ಹೇಳುತ್ತಾರೆ. ಪಾಠ ಮುಗಿದ ಮೇಲೆ ಆ ಯಂತ್ರವನ್ನೂ ಬಿಚ್ಚಿ ಉಳಿಸಿಕೊಳ್ಳುತ್ತಾರೆ ಎಂಬ ದೂರು ಇದೆ, ಅದು ಬೇರೆ ವಿಚಾರ.

ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬರುತ್ತಿರುವುದು ಇವರ ಹೊಸ ಅಧ್ಯಾಯ. ಎಥನಾಲ್ ತೇವ ಹೀರುತ್ತದೆ, ನಿಂತಲ್ಲೇ ನಿಂತ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಏಳಿಸುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ. ಬೇರೆಯವರು ಇದನ್ನು ಹಳೇ ಗಾಡಿಗಳ ಮರಣಶಾಸನ ಅಂದರು. ಯಜಮಾನರ ಮುಖದಲ್ಲಿ ಮಾತ್ರ ಕಳೆ ಬಂದಿದೆ, ಇಷ್ಟು ವರ್ಷದ ಮೇಲೆ ಒಂದು ಹೊಸ ರೋಗ! ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಗಿರಾಕಿ ಬಂದಾಗ. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ರೋಡ್‌ಕಿಂಗ್ ಕಂಡು ‘ಕೊಡ್ತೀರಾ ಯಜಮಾನ್ರೇ’ ಅನ್ನುತ್ತಾರೆ. ಅವರು ಓಡಿಹೋಗಲಿ ಅಂತಲೇ ಇವರು ಒಂದು ರೇಟು ಹೇಳುತ್ತಾರೆ. ಬಂದವರು ಚೌಕಾಸಿಯಿಲ್ಲದೆ ಒಪ್ಪಿಬಿಡುತ್ತಾರೆ. ಯಜಮಾನರು ಗಾಬರಿಯಾಗಿ ಹೆಗಲ ಟವೆಲ್ಲಿನಿಂದ ಕೈ ಒರೆಸಿಕೊಂಡು, ‘ಕೊಡೋಣ ಬಿಡಿ, ಅದಕ್ಕೇನು. ಆದ್ರೆ ಮ್ಯಾಗ್ನೆಟ್ ಕಡೆ ಸ್ವಲ್ಪ ಕೆಲಸ ಐತೆ, ಅದೊಂದು ಮಾಡಿಕೊಟ್ಬಿಡ್ತೀನಿ, ಮುಂದಿನ ಕೊಬ್ಬರಿಗೆ ಬನ್ನಿ’ ಅಂದು ಅವರ ಕೈಗೊಂದು ಎಳನೀರು ಕೊಚ್ಚಿ ಕೊಡುತ್ತಾರೆ.