ಅಮ್ಮನ ಶೆಂಗೆನ್ ಪಂಚಾಂಗ

ಹಾಸನದಿಂದ ತುಮಕೂರಿಗೆ ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಆಧಾರ್ ಕಾರ್ಡ್ ಒಂದಿದ್ದರೆ ಸಾಕು, ಸರ್ಕಾರಿ ಬಸ್ಸಿನಲ್ಲಿ ಕಾಸೂ ಬೇಡ. ನಾನಿರುವುದು ಮ್ಯೂನಿಕ್‌ನಲ್ಲಿ. ಇಲ್ಲಿಗೆ ಬರುವವರು ತಮ್ಮ ಬ್ಯಾಂಕ್ ಲೆಕ್ಕ ತೋರಿಸಬೇಕು, ಇಲ್ಲವೇ ಕರೆಸಿಕೊಳ್ಳುವವರು ಮುಚ್ಚಳಿಕೆ ಬರೆದುಕೊಡಬೇಕು. ನನ್ನ ಬಾಣಂತನಕ್ಕೆ ಅಪ್ಪ ಅಮ್ಮ ಬರುವುದೆಂದಾದಾಗ ನನ್ನ ಗಂಡನಿಗೆ ಅತ್ತೆ ಮಾವನ ಮೇಲೆ ಪ್ರೀತಿ ಉಕ್ಕಿತು. ಸಂಬಳದ ಚೀಟಿ, ಬಾಡಿಗೆ ಕರಾರು ಹಿಡಿದುಕೊಂಡು ವಿದೇಶೀಯರ ಕಚೇರಿಗೆ ಹೋಗಿ, 29 ಯೂರೋ ಕಟ್ಟಿ, ಇವರ ಊಟ, ವಸತಿ, ಔಷಧದಿಂದ ಹಿಡಿದು ವಾಪಸ್ ಕಳಿಸುವ ಖರ್ಚಿನವರೆಗೆ ಎಲ್ಲ ನನ್ನದೇ ಎಂದು ಸಹಿ ಹಾಕಿ ಬಂದರು.

ಅದರ ಅರ್ಥ ತಿಳಿದದ್ದೇ ಅಪ್ಪ ಕೆಂಡ. "ಅಳಿಯನ ಮನೇಲಿ ನಾಲ್ಕು ದಿನ ಉಣ್ಣೋದೇ ಮುಜುಗರ. ಅದನ್ನ ಜರ್ಮನ್ ಸರ್ಕಾರಕ್ಕೆ ಬೇರೆ ಬರೆದುಕೊಟ್ಟಿದ್ದಾರಾ?"

ವಿಮೆಯ ಕಾಗದ ಓದಿದ ಮೇಲೆ ಇನ್ನೊಂದು ರಂಪ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. "ನೋಡೇ, ಹೆಣ ಸಾಗಿಸೋ ಖರ್ಚೂ ಇದರಲ್ಲೇ ಸೇರಿದೆಯಂತೆ" ಎಂದು ಅಪ್ಪ ಖುಷಿಯಿಂದ ಓದಿದರೆ, ಅಮ್ಮ "ಬಿಡ್ತು ಅನ್ನಿ" ಎಂದು ದೇವರ ಮನೆಗೆ ಹೋದರು.

ನಿಜವಾದ ಪರೀಕ್ಷೆ ದಿನಗಳ ಲೆಕ್ಕದ್ದು. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು; ಬಂದ ದಿನವೂ ಹೊರಡುವ ದಿನವೂ ಲೆಕ್ಕಕ್ಕೆ ಸೇರುತ್ತವೆ. ಸಾಫ್ಟ್‌ವೇರ್ ಬರೆಯುವ ನನ್ನ ಗಂಡ ಇದಕ್ಕೊಂದು ಎಕ್ಸೆಲ್ ಹಾಳೆ ಮಾಡಿ ಎರಡು ಉತ್ತರ ತೆಗೆದರು. ಅಮ್ಮನಿಗೆ ಒಂದೇ ಏಟಿಗೆ ಅರ್ಥವಾಯಿತು. "ಪುರುಡಿನ ಲೆಕ್ಕದ ಹಾಗೇ ತಾನೇ? ಹುಟ್ಟಿದ ದಿನಾನೂ ಸೇರಿಸ್ಕೊಂಡೇ ಹತ್ತು."

ಅಪ್ಪ ಸುಮ್ಮನಿರಲಿಲ್ಲ. "ನಡುವೆ ಸ್ವಿಟ್ಜರ್ಲೆಂಡಿಗೆ ಹೋಗಿಬಂದರೆ ಹೊಸ ಲೆಕ್ಕ ಶುರುವಾಗಲ್ವಾ?" ಇಲ್ಲ, ಅದೂ ಸೇರಿ ಶೆಂಗೆನ್ ಒಪ್ಪಂದದ 29 ದೇಶಗಳಿಗೆ ಒಂದೇ ಲೆಕ್ಕ ಎಂದೆ. "ಎಲ್ಲಾ ಒಂದೇ ಗೋತ್ರದೋರು, ಎಲ್ಲಿಗೆ ಹೋದ್ರೂ ಅಂಟುತ್ತೆ" ಎಂದು ಅಮ್ಮ ತೀರ್ಪು ಕೊಟ್ಟರು. ವೀಸಾ ಕಚೇರಿಗಳು ನಮ್ಮ ಅಜ್ಜಿಯಂದಿರನ್ನು ಕೆಲಸಕ್ಕೆ ತೆಗೆದುಕೊಳ್ಳದಿರುವುದು ಅವರ ದುರದೃಷ್ಟ.

ವೀಸಾ ಬಂತು. ಅದರ ಅವಧಿ 105 ದಿನ, ಇರಬಹುದಾದದ್ದು 90. ವಿಮಾನ ಆಚೀಚೆಯಾದರೆ ಇರಲಿ ಎಂದು ಕೊಡುವ ಹದಿನೈದು ದಿನದ ಸಡಿಲಿಕೆ ಅದು. ಅಪ್ಪ ಮಾತ್ರ ಅದನ್ನು ಅಧಿಕ ಮಾಸವೆಂದೇ ಹಿಡಿದರು.

ಇಷ್ಟೆಲ್ಲ ಗುಣಿಸಿ ಭಾಗಿಸಿದರೂ ಕೂಸು ಯಾವತ್ತು ಬರುತ್ತದೆ ಎನ್ನಲು ಯಾವ ನಿಯಮವೂ ಇಲ್ಲವಲ್ಲ! ಅಮ್ಮ ಬೇಗ ಬಂದರೆ ದಿನಗಳು ದಂಡ, ತಡವಾಗಿ ಬಂದರೆ ಎಣ್ಣೆನೀರು ಹಾಕುವವರಿಲ್ಲ. ಹೆರಿಗೆಯ ಅಂದಾಜು ತಾರೀಖಿಗೆ ಒಂದು ವಾರ ಮುಂಚೆ ಎಂದು ಟಿಕೆಟ್ ಮಾಡಿಸಿದೆವು. ಹಾಲಿನ ಪದಾರ್ಥವನ್ನು ಯುರೋಪ್ ಒಕ್ಕೂಟದೊಳಕ್ಕೆ ತರುವಂತಿಲ್ಲ ಎಂದಾಗ, ಕಾಯಿಸಿಟ್ಟಿದ್ದ ತುಪ್ಪದ ಡಬ್ಬಿ ಪಕ್ಕದ ಮನೆ ಸೇರಿತು. ಅಮ್ಮ ಕೋಪಿಸಿಕೊಂಡದ್ದು ಅದೊಂದಕ್ಕೇ.

ಮ್ಯೂನಿಕ್‌ನಲ್ಲಿ ಇಳಿದಾಗ ಬೆರಳಚ್ಚು, ಫೋಟೋ ಎಲ್ಲ ಆಯಿತಂತೆ. 2025ರ ಅಕ್ಟೋಬರ್ 12ರಿಂದ ಶುರುವಾದ ವ್ಯವಸ್ಥೆಯಲ್ಲಿ ದಿನ ಎಣಿಸುವುದೂ ಕಂಪ್ಯೂಟರೇ. ಎಷ್ಟು ದಿನ ಇರುತ್ತೀರಿ ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದಾರೆ. ಅಪ್ಪ "ವನ್ ಹಂಡ್ರೆಡ್..." ಎನ್ನುವಷ್ಟರಲ್ಲಿ ಅಮ್ಮ ಮೊಣಕೈಯಲ್ಲಿ ತಿವಿದು ಮುಂದೆ ಬಂದರಂತೆ.

"ನೈಂಟಿ ಸಾರ್. ಟುಡೇ ಆಲ್ಸೋ."