ಆಕ್ಸ್‌ಫರ್ಡ್‌ನಲ್ಲಿ ಸೋತೆ, ಇಲ್ಲಿ ಸೆಟ್ಟಾದೆ

ಇಂಗ್ಲಿಷಿನ ‘ಸೆಟ್’ ಮೂರೇ ಅಕ್ಷರದ ಆಸಾಮಿ. ಪುರುಸೊತ್ತಿಲ್ಲದ ಈ ಪದ ಕೊನೆಗೂ ಮಾತಿಗೆ ಸಿಕ್ಕಿದ್ದು ದರ್ಶಿನಿಯೊಂದರಲ್ಲಿ, ಸೆಟ್ ದೋಸೆಯ ತಟ್ಟೆ ಮೇಲೆ.

ಪ್ರ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರೋ ಪದ ನೀವೇ ಅಂತ ಕ್ವಿಜ್‌ನಲ್ಲಿ ಬಾಯಿಪಾಠ ಹೇಳ್ತಿದ್ವಿ.

ಉ: ಆ ಕಾಲ ಹೋಯ್ತು ಬಿಡಿ. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಕ್ರಿಯಾಪದವಾಗಿಯೇ ನನಗೆ ಸುಮಾರು 430 ಅರ್ಥ, ವಿವರಣೆಗೆ 60,000 ಪದ. ಆಮೇಲೆ ಪೀಟರ್ ಗಿಲಿವರ್ ಅನ್ನೋ ಸಂಪಾದಕರು ಸರಿಯಾಗಿ ಒಂಬತ್ತು ತಿಂಗಳು ಹೊತ್ತು ‘ರನ್’ಗೆ 645 ಅರ್ಥ ಹೆತ್ತರು! 2011ರಲ್ಲಿ ಪೇಪರಿಗೂ ಬಂತು. ಯಂತ್ರ ಬಂದಮೇಲೆ ಎಲ್ಲಾ ಓಡೋದೇ. ನಾನೋ ಮೂಲದಲ್ಲಿ ಕೂರಿಸೋನು.

ಪ್ರ: ಒಂದೇ ಪದಕ್ಕೆ ಇಷ್ಟೊಂದು ಅರ್ಥವೇ?

ಉ: ಒಂದೇ ಅಂದವರ್ಯಾರು? ನಾವಿಬ್ಬರು. ‘ಕೂರಿಸು’ ಅನ್ನೋ ಕ್ರಿಯಾಪದ ಹಳೇ ಇಂಗ್ಲಿಷಿನ ಸ್ವಂತ ಮಗ. ‘ಗುಂಪು’ ಅನ್ನೋ ನಾಮಪದ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚ್ ದಾರೀಲಿ ಬಂದ ದತ್ತುಮಗ. ಪಂಥ ಕಟ್ಟೋ ‘ಸೆಕ್ಟ್’ ನಮ್ಮ ದಾಯಾದಿ. ಆಸ್ತಿ ಯಾವತ್ತೋ ಬೆರೆತುಹೋಯ್ತು.

ಪ್ರ: ಕರ್ನಾಟಕದಲ್ಲಿ ಕೆಲಸ ಹೇಗಿದೆ?

ಉ: ಹಲ್ಲುಸೆಟ್, ಸಿನಿಮಾ ಸೆಟ್... ಕೆ-ಸೆಟ್ ಪರೀಕ್ಷೆ ನಾನಲ್ಲ, ಅದರೊಳಗಿನ ‘ಸೆಟ್’ ಮೂರು ಪದಗಳ ತಲೆಯಕ್ಷರ. ಫೇಲಾದವರು ಬೈಯೋದು ಮಾತ್ರ ನನಗೇ. ಗಣಿತದ ಮೇಷ್ಟ್ರು ‘ಗಣ’ ಅಂತ ಹೆಸರು ಬದಲಾಯಿಸಿಬಿಟ್ರು. ನಿಜವಾದ ಪಾಡು ಪಂಪ್‌ಸೆಟ್ಟಿನದು. 10 ಎಚ್‌ಪಿವರೆಗೆ ಕರೆಂಟು ಪುಕ್ಕಟೆ, ಆದರೆ ಎಷ್ಟೋ ಕಡೆ ತ್ರೀ ಫೇಸ್ ಬರೋದು ನಡುರಾತ್ರಿ. ರೈತ ಟಾರ್ಚ್ ಹಿಡಿದು, ಹಾವು ತುಳಿಯದ ಹಾಗೆ ಬದುವಿನ ಮೇಲೆ ಬಂದು ಸ್ಟಾರ್ಟರ್ ಒತ್ತೋ ಹೊತ್ತಿಗೆ ಮತ್ತೆ ಹೋಗಿರುತ್ತೆ.

ಪ್ರ: ಅಲ್ರೀ, ಸೆಟ್ ದೋಸೆ ಅಂದ್ರೆ ಮೂರಿರಬೇಕು. ತಟ್ಟೇಲಿ ಎರಡೇ ಇದೆ!

ಉ: ಎರಡಿದ್ದರೂ ಸೆಟ್ಟೇ. ವ್ಯಾಕರಣ ಹೋಟೆಲ್ ಮಾಲೀಕರ ಕಡೆಗಿದೆ.

ಪ್ರ: ಇಲ್ಲಿ ಸಿಕ್ಕ ಹೊಸ ಅರ್ಥ?

ಉ: ಹುಡುಗ-ಹುಡುಗಿ ‘ಸೆಟ್ ಆದ್ರು’. ಅತ್ತೆ-ಸೊಸೆಗೆ ‘ಸೆಟ್ಟಾಗಲ್ಲ’. ಬಹಳ ಬರಕತ್ತಿನ ಅರ್ಥ ಕೊಟ್ಟವನು ಕಚೇರಿ ಬಾಗಿಲಲ್ಲಿ ನಿಲ್ಲೋ ಬ್ರೋಕರ್: ‘ಒಳಗೆ ಎಲ್ಲಾ ಸೆಟ್ ಮಾಡಿದೀನಿ ಸಾರ್, ನೀವು ಸೈನ್ ಹಾಕಿ ಸಾಕು.’

ಪ್ರ: ಅದನ್ನ ಆಕ್ಸ್‌ಫರ್ಡಿಗೆ ಕಳಿಸಿ, ‘ರನ್’ ಸಮೀಪಕ್ಕಾದರೂ ಹೋಗಬಹುದಲ್ಲ?

ಉ: ಅವರು ಒಂದೊಂದು ಅರ್ಥಕ್ಕೂ ಇಸವಿ ಸಮೇತ ಬರವಣಿಗೆಯ ಪುರಾವೆ ಕೇಳ್ತಾರೆ. ಈ ವ್ಯವಹಾರದಲ್ಲಿ ಯಾರ್ರೀ ಬರೆದುಕೊಡ್ತಾರೆ?